ಬಲಂ ಸೀಮೆಯ ಸಮರವೂ ಪೂರ್ಣಯ್ಯ–ವೆಲ್ಲೆಸ್ಲಿಯರ ಪತ್ರವ್ಯವಹಾರವೂ

ಬೇಲೂರಿನ ಚೆನ್ನಕೇಶವನ ಸನ್ನಿಧಿಗೂ ಹಳೇಬೀಡಿನ ಹೊಯ್ಸಳೇಶ್ವರನ ಸನ್ನಿಧಿಗೂ ಬರುವ ಯಾತ್ರಿಕರಲ್ಲಿ ಬಹುಮಂದಿ ಅಲ್ಲಿಂದಲೇ ಹಿಂದಿರುಗುತ್ತಾರೆ. ಬೇಲೂರಿನಿಂದ ಸಕಲೇಶಪುರದ ಕಡೆಗೆ ಮುಖಮಾಡಿ ಬಿಕ್ಕೋಡಿನವರೆಗೆ ಬರುವವರು ವಿರಳ. ಬಂದವರಿಗಾದರೂ ಇಲ್ಲಿ ಮೊದಲು ಕಾಣುವುದು ಕಾಫಿಯ ತೋಟಗಳು, ಅವುಗಳ ಮೇಲೆ ನೆರಳು ಚೆಲ್ಲಿ ನಿಂತ ಹೆಮ್ಮರಗಳು, ಕಣಿವೆಗಳಲ್ಲಿ ಹರಡಿದ ಗದ್ದೆಗಳು. ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಈ ಹೊಸ್ತಿಲಿನಿಂದಾಚೆಗೆ ಪಡುವಣ ಘಟ್ಟದವರೆಗಿನ ನಾಡು ಒಂದು ಕಾಲಕ್ಕೆ ಬಲಂ ಸೀಮೆಯೆಂದು ಹೆಸರಾಗಿತ್ತು. ಈ ಹೆಸರು ಇಂದು ಜನರ ನಾಲಗೆಯ ಮೇಲೆ ಅಪರೂಪ. ಆದರೆ ಲಂಡನ್ನಿನಲ್ಲಿ ಅಚ್ಚಾದ ಒಬ್ಬ ಸೇನಾನಿಯ ಪತ್ರಸಂಪುಟಗಳಲ್ಲಿ ಅದು 'ಬುಲ್ಲಂ' ಎಂಬ ರೂಪವನ್ನು ತಾಳಿ ಪುಟಪುಟಗಳಲ್ಲಿ ಸುಳಿದಾಡುತ್ತದೆ. ಆ ಸೇನಾನಿ ಆರ್ಥರ್ ವೆಲ್ಲೆಸ್ಲಿ; ಮುಂದೆ 1815ರಲ್ಲಿ ವಾಟರ್‌ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿ, ವೆಲಿಂಗ್ಟನ್ ಡ್ಯೂಕನೆಂದು ಜಗತ್ತಿಗೆಲ್ಲ ಪರಿಚಿತನಾದವನು. ಆತನ ಮಿತ್ರನಾಗಿ ಈ ಕಾಗದಗಳಲ್ಲಿ ಕಾಣಿಸಿಕೊಳ್ಳುವವನು ಮೈಸೂರಿನ ದಿವಾನ ಪೂರ್ಣಯ್ಯ. ಇವರಿಬ್ಬರ ನಡುವೆ ಸಿಕ್ಕಿದವನು ಬಲಂ ನಾಡಿನ ನಾಯಕ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟೀಪೂ ಸುಲ್ತಾನನು ಮಡಿದ ಸಂಗತಿಯನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಜುಲೈ 8ರ ಒಪ್ಪಂದದಂತೆ ಮೈಸೂರು ಸಂಸ್ಥಾನವು ತನ್ನ ರಕ್ಷಣೆಗೆಂದು ನಿಂತ ಇಂಗ್ಲಿಷ್ ಸೇನೆಗೆ ವರ್ಷಕ್ಕೆ ಏಳು ಲಕ್ಷ ವರಹಗಳನ್ನು ತೆರಬೇಕಾಯಿತು. ಟೀಪೂವಿನ ಆಸ್ಥಾನದಲ್ಲಿ ಹಣಕಾಸಿನ ಹೊಣೆ ಹೊತ್ತಿದ್ದ ಪೂರ್ಣಯ್ಯನೇ ಹೊಸ ಸಂಸ್ಥಾನದ ದಿವಾನನಾದನು. ಹೈದರನ ಕಾಲದಿಂದ ಮೂರು ಆಳ್ವಿಕೆಗಳನ್ನು ಕಂಡ ಈ ಪ್ರೌಢನಿಗೆ ಆಗ ಐವತ್ಮೂರು ವರ್ಷ. ಶ್ರೀರಂಗಪಟ್ಟಣದಲ್ಲಿ ಸೇನಾಧಿಪತ್ಯ ವಹಿಸಿದ ವೆಲ್ಲೆಸ್ಲಿಗೆ ಮೂವತ್ತು. ಗವರ್ನರ್ ಜನರಲ್ಲನ ತಮ್ಮನೆಂಬ ಬಲವೊಂದನ್ನು ಬಿಟ್ಟರೆ ಈ ನಾಡಿನ ಭಾಷೆಯಾಗಲಿ ಬೆಳೆಯಾಗಲಿ ಹಾದಿಯಾಗಲಿ ಆತನಿಗೆ ತಿಳಿಯದು. ಒಬ್ಬನ ಬಳಿ ಸೇನೆಯಿತ್ತು, ಇನ್ನೊಬ್ಬನ ಬಳಿ ನಾಡಿತ್ತು. ಇವರ ಪತ್ರವ್ಯವಹಾರವೆಲ್ಲ ಈ ಒಂದು ಅಸಮತೆಯಿಂದ ಹುಟ್ಟಿದುದೆಂದು ನಮ್ಮ ಅಭಿಪ್ರಾಯ.

ಆ ಕಾಗದಗಳ ಸ್ವರೂಪವನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ವೆಲ್ಲೆಸ್ಲಿಯ ಪತ್ರಗಳನ್ನು ಆತನು ಬದುಕಿರುವಾಗಲೇ ಕರ್ನಲ್ ಗರ್ವುಡ್ ಎಂಬಾತನು 1834ರಿಂದ ಸಂಪುಟಗಳಾಗಿ ಪ್ರಕಟಿಸತೊಡಗಿದನು. ಬಿಟ್ಟುಹೋದುವನ್ನು ಆತನ ಮಗನು 1858ರಿಂದ ಪೂರಕ ಸಂಪುಟಗಳಲ್ಲಿ ಸೇರಿಸಿದನು. ಪೂರ್ಣಯ್ಯನ ಹೆಸರಿಗೇ ಬರೆದ ಓಲೆಗಳು ಅವುಗಳಲ್ಲಿವೆ. ಆದರೆ ಪೂರ್ಣಯ್ಯನಿಗೆ ತಲುಪಬೇಕಾದ ಮಾತುಗಳಲ್ಲಿ ಹೆಚ್ಚಿನವು ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿವೆ. ಪಾರಸಿ ಭಾಷೆಯಲ್ಲಿ ನುರಿತ ಕ್ಲೋಸ್ ಸೇನಾನಿಗೂ ದಿವಾನನಿಗೂ ನಡುವಣ ಸೇತುವೆಯಾಗಿದ್ದನು. ಹೀಗಾಗಿ ಒಂದು ಕೋರಿಕೆ ದಂಡಿನ ಡೇರೆಯಲ್ಲಿ ಇಂಗ್ಲಿಷಿನಲ್ಲಿ ಹುಟ್ಟಿ, ದರ್ಬಾರಿನ ಭಾಷೆಯಲ್ಲಿ ದಿವಾನನ ಕಿವಿಗೆ ಬಿದ್ದು, ಕೊನೆಗೆ ಕನ್ನಡದಲ್ಲಿ ಅಮಲ್ದಾರನ, ಶ್ಯಾನುಭೋಗನ, ಪಟೇಲನ ಮನೆಬಾಗಿಲಿಗೆ ಬರಬೇಕಾಗಿತ್ತು. ಎತ್ತು ಬೇಕು, ಅಕ್ಕಿ ಬೇಕು, ಹುಲ್ಲು ಬೇಕು, ಹರಿಗೋಲು ಬೇಕು ಎಂಬ ಸಾಮಾನ್ಯ ಮಾತುಗಳೇ ಇವುಗಳಲ್ಲಿ ಅಧಿಕ. ವೀರಾವೇಶದ ವರ್ಣನೆಯನ್ನು ಅರಸಿ ಹೋಗುವ ಸಾಹಿತ್ಯ ವಿದ್ಯಾರ್ಥಿಗೆ ನಿರಾಶೆಯಾದೀತು. ಆದರೆ ಯುದ್ಧವೆಂಬುದು ಹೇಗೆ ನಡೆಯುತ್ತದೆಂದು ತಿಳಿಯಬಯಸುವವನಿಗೆ ಕಾವ್ಯಗಳ ಸೇನಾವರ್ಣನೆಗಿಂತ ಈ ಲೆಕ್ಕಾಚಾರದ ಕಾಗದಗಳೇ ಹೆಚ್ಚು ಕಲಿಸುತ್ತವೆ.

ಇನ್ನು ಬಲಂ ನಾಡಿನ ಹಿನ್ನೆಲೆ. ವಿಜಯನಗರದ ಅರಸರ ಹಡಪದವನಾಗಿದ್ದ ಎರ ಕೃಷ್ಣಪ್ಪ ನಾಯಕನಿಗೆ 16ನೆಯ ಶತಮಾನದಲ್ಲಿ ಬೇಲೂರು ಸೀಮೆ ದೊರೆತು, ಆ ವಂಶ ಇಲ್ಲಿ ನೆಲೆಗೊಂಡಿತು. ವಿಜಯನಗರ ಕುಸಿದ ಮೇಲೆ ಒಂದು ಕಡೆ ಇಕ್ಕೇರಿಯ ನಾಯಕರು, ಇನ್ನೊಂದು ಕಡೆ ಮೈಸೂರಿನ ಒಡೆಯರು. ಇವರ ನಡುವೆ ಈ ಚಿಕ್ಕ ನಾಡು ನಲುಗಿತು. ಕೆಳದಿಯ ಶಿವಪ್ಪ ನಾಯಕನು ದಿಕ್ಕುಗೆಟ್ಟ ಶ್ರೀರಂಗರಾಯನಿಗೆ ಆಶ್ರಯವಿತ್ತು ಬೇಲೂರು, ಸಕ್ಕರೆಪಟ್ಟಣಗಳಲ್ಲಿ ನೆಲೆಗೊಳಿಸಿದ ಕಥೆ ನಮ್ಮ ವಾಚಕರಿಗೆ ಪರಿಚಿತವೇ ಆಗಿದೆ. ಕೆಳದಿಯ ಚೆನ್ನಮ್ಮಾಜಿಯ ಆಳ್ವಿಕೆಯ ಕಾಲದಲ್ಲಿ, 1694ರಲ್ಲಿ, ಮೈಸೂರಿಗೂ ಇಕ್ಕೇರಿಗೂ ಆದ ಒಡಂಬಡಿಕೆಯಂತೆ ಬೇಲೂರಿನ ವಂಶಕ್ಕೆ ಮಂಜರಾಬಾದಿನ ಆರು ನಾಡುಗಳು ಉಳಿದುವು. ಐಗೂರು ಅವರ ನೆಲೆಯಾಯಿತು. ಬಯಲಿನ ಬೇಲೂರು ಕೈತಪ್ಪಿ ಕಾಡಿನ ಐಗೂರು ಉಳಿಯಿತೆಂಬುದನ್ನು ನೆನಪಿನಲ್ಲಿಡಬೇಕು. ಮುಂದಿನ ನೂರು ವರ್ಷ ಆ ವಂಶವನ್ನು ಕಾಪಾಡಿದುದು ಕಾಡೇ.

1792ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣವನ್ನು ಮುತ್ತಿದಾಗ ಅಂದಿನ ಕೃಷ್ಣಪ್ಪ ನಾಯಕನು ಮರಾಠ ದಂಡನಾಯಕ ಪರಶುರಾಮ ಭಾವುವನ್ನು ಕೂಡಿಕೊಂಡನು. ಸಂಧಿಯಾದ ಮೇಲೆ ಟೀಪೂವಿನ ಕೋಪಕ್ಕೆ ಅಂಜಿ ಕೊಡಗಿಗೆ ಓಡಿಹೋದನು. ಟೀಪೂ ಆತನನ್ನು ಒಲಿಸಿ ಕರೆಸಿಕೊಂಡು ಐಗೂರು ಸೀಮೆಯನ್ನು ಬಿಟ್ಟುಕೊಟ್ಟು, ಉಳಿದುದನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡನು. ಸಕಲೇಶಪುರದ ಬಳಿ ಇಂದಿಗೂ ನಕ್ಷತ್ರಾಕಾರದಲ್ಲಿ ನಿಂತಿರುವ ಮಂಜರಾಬಾದ್ ಕೋಟೆ ಆತನ ಕಾಲದ್ದು. ಅಂದರೆ 1799ರಲ್ಲಿ ಟೀಪೂ ಅಳಿದಾಗ ಈ ವಂಶದವರು ತಮ್ಮನ್ನು ಇಂಗ್ಲಿಷರ ಶತ್ರುಗಳೆಂದು ಭಾವಿಸಲು ಕಾರಣವೇ ಇರಲಿಲ್ಲ. ಏಳು ವರ್ಷಗಳ ಹಿಂದೆ ಅವರು ನಿಂತದ್ದು ಇಂಗ್ಲಿಷರ ಮಿತ್ರರ ಪಾಳೆಯದಲ್ಲಿ. ಪಿತ್ರಾರ್ಜಿತ ನಾಡು ಮರಳಿ ತಮ್ಮದಾಗುವುದೆಂದು ಅವರು ಎಣಿಸಿದ್ದರೆ ಅದು ಅಸಹಜವಲ್ಲ. ಆದರೆ ಹಂಚಿಕೆಯ ಕಾಗದದಲ್ಲಿ ಬಲಂ ಮೈಸೂರಿನ ಪಾಲಿಗೆ ಬಂದಿತ್ತು. ಹಾಳೆಯ ಮೇಲಿನ ಒಂದು ಸಾಲಿನಿಂದ, ನಿನ್ನೆಯ ಪಾಳೆಯಗಾರನು ಇಂದು ಬಂಡುಕೋರನಾದನು.

ಹೆಸರಿನ ವಿಚಾರದಲ್ಲಿ ಒಂದು ಮಾತು. ವೆಲ್ಲೆಸ್ಲಿಯ ಪತ್ರಗಳು ಈ ನಾಯಕನನ್ನು ಬುಲ್ಲಂ ರಾಜನೆಂದೂ ಕೃಷ್ಣಪ್ಪ ನಾಯಕನೆಂದೂ ಕರೆಯುತ್ತವೆ. ಮೈಸೂರು ಗೆಜೆಟಿಯರಿನಲ್ಲಿ ರೈಸ್ ಸಾಹೇಬರು ಆತನನ್ನು ಕೃಷ್ಣಪ್ಪ ನಾಯಕನ ಮಗ ವೆಂಕಟಾದ್ರಿಯೆಂದು ಬರೆದಿದ್ದಾರೆ. ಕೃಷ್ಣಪ್ಪ ಎಂಬುದು ಆ ವಂಶದಲ್ಲಿ ಮರಮರಳಿ ಬರುವ ಹೆಸರು. ತಂದೆಯ ಹೆಸರೇ ಮನೆತನದ ಹೆಸರಾಗಿ ಇಂಗ್ಲಿಷರ ಕಿವಿಗೆ ಬಿದ್ದಿರಬಹುದು. ನಾವು ಈ ಲೇಖನದಲ್ಲಿ ವೆಂಕಟಾದ್ರಿ ನಾಯಕನೆಂದೇ ಹೇಳುತ್ತೇವೆ. ಎರಡು ವರ್ಷಕ್ಕೂ ಮಿಕ್ಕಿ ಒಬ್ಬನ ಬೆನ್ನು ಹತ್ತಿದ ಸೇನಾನಿಗೆ ಆತನ ಹೆಸರೇ ಸರಿಯಾಗಿ ತಿಳಿದಿತ್ತೋ ಇಲ್ಲವೋ ಎಂಬ ಸಂದೇಹ ಮಾತ್ರ ಉಳಿದುಕೊಳ್ಳುತ್ತದೆ.

ಇಷ್ಟು ಚಿಕ್ಕ ನಾಡಿನ ಮೇಲೆ ಕಂಪನಿಗೆ ಅಷ್ಟು ದೊಡ್ಡ ಕಣ್ಣೇಕೆ? ಉತ್ತರ ಭೂಗೋಲದಲ್ಲಿದೆ. ಶ್ರೀರಂಗಪಟ್ಟಣದಿಂದ ಮಂಗಳೂರಿಗೆ ಇಳಿಯುವ ಘಟ್ಟದ ದಾರಿಗಳು ಈ ಕಾಡಿನ ಅಂಚಿನಲ್ಲಿ ಹಾದುಹೋಗುತ್ತವೆ. ಬಿಸಿಲೆಯ ಘಟ್ಟವನ್ನು ನಾಯಕನ ಕಡೆಯವರು ತಡೆದರೆ ಕನ್ನಡ ಜಿಲ್ಲೆಗೂ ಮೈಸೂರಿಗೂ ಸಂಪರ್ಕ ಕಡಿಯುತ್ತಿತ್ತು. ಬಯಲಿನಲ್ಲಿ ಕುದುರೆಯ ದಂಡು ಎಲ್ಲಿಗೆ ಬೇಕಾದರೂ ಹೋದೀತು. ಬಿದಿರುಮೆಳೆಗಳ ನಡುವೆ ಒಬ್ಬೊಬ್ಬನೇ ನಡೆಯುವ ಕಾಲುದಾರಿಯಲ್ಲಿ ಕುದುರೆಗೂ ಫಿರಂಗಿಗೂ ಬೆಲೆಯಿಲ್ಲ. ಜೊತೆಗೆ ಮಲೆನಾಡಿನ ಮಳೆ. ಮುಂಗಾರು ಕಾಲಿಟ್ಟಿತೆಂದರೆ ನಾಲ್ಕೈದು ತಿಂಗಳು ಯಾವ ಸೇನೆಯೂ ಇಲ್ಲಿ ಹೆಜ್ಜೆಯಿಡಲಾರದು. ನಾಯಕನ ಬಳಿ ಇದ್ದ ಸೈನ್ಯಕ್ಕಿಂತ ಈ ಮಳೆಗಾಲವೇ ಬಲವಾದ ಕಾವಲು.

1800ರ ಏಪ್ರಿಲಿನಲ್ಲಿ, ಮಳೆಗೆ ಮುನ್ನ, ಮೊದಲ ಪ್ರಯತ್ನಗಳು ನಡೆದುವು. ಕಾಡಿನ ನಡುವೆ ಅಗಳು, ಮುಳ್ಳುಬೇಲಿ, ಬಿದಿರಿನ ತಡೆಗಳಿಂದ ಭದ್ರವಾಗಿದ್ದ ಅರೆಕೆರೆಯ ನೆಲೆಯ ಮೇಲೆ ನಡೆದ ಒಂದು ದಾಳಿ ವಿಫಲವಾಗಿ ಇಂಗ್ಲಿಷ್ ತುಕಡಿ ಹಿಮ್ಮೆಟ್ಟಿತು. ತಿಂಗಳ ಕೊನೆಗೆ ಲೆಫ್ಟಿನೆಂಟ್ ಕರ್ನಲ್ ಮಾಂಟ್ರೆಸರನು ದೊಡ್ಡ ದಂಡಿನೊಡನೆ ಬಂದು ಆ ನೆಲೆಯನ್ನು ಹಿಡಿದನು. ಹಿಡಿದರೇನು, ಉಳಿಸಿಕೊಳ್ಳಲಾಗಲಿಲ್ಲ. ಉತ್ತರದ ಗಡಿಯಲ್ಲಿ ಇನ್ನೊಂದು ಬೆಂಕಿ ಎದ್ದಿತ್ತು.

ಆ ಬೆಂಕಿ ಧೋಂಡಿಯ ವಾಘನದು. ಚನ್ನಗಿರಿಯಲ್ಲಿ ಹುಟ್ಟಿ, ಟೀಪೂವಿನ ಸೆರೆಯಲ್ಲಿದ್ದು, ಶ್ರೀರಂಗಪಟ್ಟಣ ಬಿದ್ದ ದಿನಗಳಲ್ಲಿ ಹೊರಬಿದ್ದು, ಉಭಯಲೋಕಾಧೀಶ್ವರನೆಂಬ ಬಿರುದು ಧರಿಸಿ ಸಾವಿರಾರು ಕುದುರೆಗಳನ್ನು ಕೂಡಿಸಿದ ಈತನ ವೃತ್ತಾಂತ ಪ್ರತ್ಯೇಕ ಲೇಖನಕ್ಕೆ ಯೋಗ್ಯವಾದುದು. ವೆಲ್ಲೆಸ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ, ರಾಣೆಬೆನ್ನೂರು, ಡಂಬಳಗಳನ್ನು ಹಿಡಿಯುತ್ತ, ಕೊನೆಗೆ 1800ರ ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಆತನನ್ನು ಎದುರಿಸಿದನು. ಧೋಂಡಿಯ ಅಲ್ಲಿ ಮಡಿದನು. ಮಳೆಗಾಲದಲ್ಲಿ, ನೆರೆಬಂದ ಹೊಳೆಗಳ ನಡುವೆ ನಡೆದ ಈ ಬೆನ್ನಟ್ಟುವಿಕೆಯಲ್ಲಿ ಸೇನೆಯ ಹೊಟ್ಟೆ ತುಂಬಿಸಿದವನು ಪೂರ್ಣಯ್ಯ. ಧಾನ್ಯ ಹೊರುವ ಎತ್ತುಗಳು ಬಾರದೆ ದಂಡು ನಿಂತಲ್ಲೇ ನಿಲ್ಲಬೇಕಾದ ದಿನಗಳ ತಳಮಳವೂ, ಅವು ಬಂದ ದಿನಗಳ ನೆಮ್ಮದಿಯೂ ಆ ಕಾಲದ ಪತ್ರಗಳಲ್ಲಿ ಕಾಣುತ್ತವೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯಿಂದ ಬೆಳೆದುಬಂದು, ಟೀಪೂವಿನಿಂದ ಅಮೃತಮಹಲ್ ಎಂಬ ಹೆಸರು ಪಡೆದ ಮೈಸೂರಿನ ದನಗಳ ಬೆಲೆಯನ್ನು ವೆಲ್ಲೆಸ್ಲಿ ತಿಳಿದದ್ದು ಇಲ್ಲಿಯೇ. ಧೋಂಡಿಯನ ಎಳೆಯ ಮಗ ಸಲಾಬತ್ ಖಾನನು ದಂಡಿನ ಸರಂಜಾಮುಗಳ ನಡುವೆ ಸಿಕ್ಕಿದಾಗ ಸೇನಾನಿಯು ಅವನನ್ನು ತನ್ನ ಡೇರೆಗೆ ಕರೆತಂದು ಸಾಕಿ, ಭಾರತ ಬಿಡುವಾಗ ಅವನ ಪೋಷಣೆಗೆ ಹಣವಿಟ್ಟು ಹೋದನು. ಆ ಹುಡುಗ ಮುಂದೆ ಮೈಸೂರು ಮಹಾರಾಜರ ಸೇವೆಗೆ ಸೇರಿದನು. ಸತ್ತ ಶತ್ರುವಿನ ಮಗನಲ್ಲಿ ಇಷ್ಟು ಕರುಣೆ ತೋರಿದವನು ಬದುಕಿ ಸಿಕ್ಕಿದ ಶತ್ರುವಿನಲ್ಲಿ ಏನು ತೋರಿದನೆಂಬುದನ್ನು ಬಲಂ ಕಾಡು ಬಲ್ಲದು.

ಧೋಂಡಿಯನು ಅಳಿದ ಮೇಲೆ ನೇರವಾಗಿ ಬಲಂ ನಾಡಿಗೆ ಬರುವುದು ವೆಲ್ಲೆಸ್ಲಿಯ ಎಣಿಕೆಯಾಗಿತ್ತು. ಆದರೆ ಅದೇ ವರ್ಷದ ಕೊನೆಗೆ ಆತನಿಗೆ ಸಿಂಹಳದ ತ್ರಿಂಕೋಮಲಿಗೆ ಹೋಗುವ ಆಜ್ಞೆ ಬಂದಿತು. ಅಲ್ಲಿಂದ ಮುಂಬಯಿಗೆ, ಮುಂಬಯಿಯಲ್ಲಿ ಕಾಯಿಲೆ; 1801ರ ಮೇ ತಿಂಗಳಲ್ಲಿ ಮರಳಿ ಶ್ರೀರಂಗಪಟ್ಟಣ ಸೇರಿದಾಗ ಮುಂಗಾರು ಬಾಗಿಲಲ್ಲಿತ್ತು. ಹೀಗೆ ಎರಡು ಮಳೆಗಾಲಗಳ ಅಭಯ ನಾಯಕನಿಗೆ ದೊರೆಯಿತು. ಈ ನಡುವೆ ಆತನು ಅರೆಕೆರೆಯನ್ನು ಮರಳಿ ಭದ್ರಪಡಿಸಿಕೊಂಡಿದ್ದನು.

1802ರ ಜನವರಿಯ ಸಮರವನ್ನು ನಾವು ತುಸು ನಿಧಾನವಾಗಿ ನೋಡಬೇಕು. ಕಾಲ ಆರಿಸಿದ ರೀತಿಯೇ ಗಮನಾರ್ಹ. ಸಂಕ್ರಾಂತಿಯ ಆಸುಪಾಸಿನ ಈ ದಿನಗಳಲ್ಲಿ ಮಲೆನಾಡಿನ ಗದ್ದೆಗಳಲ್ಲಿ ನೀರಿರುವುದಿಲ್ಲ, ಭತ್ತ ಕಣ ಸೇರಿರುತ್ತದೆ, ಕಾಡಿನ ದಾರಿ ಒಣಗಿರುತ್ತದೆ. ಮಳೆಗೆ ಇನ್ನೂ ನಾಲ್ಕು ತಿಂಗಳಿದೆ. ಇಂಗ್ಲಿಷ್ ಮತ್ತು ದೇಶೀಯ ಕಾಲ್ದಳಗಳು ಕಾಡನ್ನು ನುಗ್ಗುವುದು. ಪೂರ್ಣಯ್ಯನ ಕುದುರೆಯವರು ಕಾಡಿನ ಹೊರ ಅಂಚಿನ ತೆರವಾದ ಪ್ರದೇಶಗಳಲ್ಲಿ ಹರಡಿ ನಿಂತು, ಒಳಗಿನಿಂದ ಯಾರೂ ಹೊರಬೀಳದಂತೆ, ಹೊರಗಿನಿಂದ ಧಾನ್ಯ ಒಳಸೇರದಂತೆ ಕಾಯುವುದು: ಇದು ಯೋಜನೆ. ಇದರಲ್ಲಿ ಮೊದಲ ಭಾಗವನ್ನು ಸೇನಾನಿಯೊಬ್ಬನೇ ಮಾಡಬಲ್ಲನು. ಎರಡನೆಯ ಭಾಗ ಹಳ್ಳಿಹಳ್ಳಿಯನ್ನು ಬಲ್ಲವನಿಲ್ಲದೆ ಸಾಧ್ಯವಿಲ್ಲ. ಯಾವ ಊರಿನ ಪಟೇಲ ಯಾರ ನೆಂಟ, ಯಾವ ಸಂತೆಯಿಂದ ಉಪ್ಪು ಕಾಡಿಗೆ ಹೋಗುತ್ತದೆ, ಯಾವ ಶ್ಯಾನುಭೋಗನ ಕಡತದಲ್ಲಿ ಎಷ್ಟು ಖಂಡುಗ ಬತ್ತ ಅಡಗಿದೆ ಎಂಬುದು ಕಂದಾಯದ ಲೆಕ್ಕದಲ್ಲಿ ಬಾಳು ಸವೆಸಿದ ದಿವಾನನ ಕಚೇರಿಗೆ ಗೊತ್ತು. ಬಿಕ್ಕೋಡಿನಂತಹ ಅಂಚಿನ ಊರುಗಳಿಗೆ ಈ ವಿಷಯದಲ್ಲಿ ಇದ್ದ ಪ್ರಾಮುಖ್ಯವನ್ನು ನಕ್ಷೆಯೇ ಹೇಳುತ್ತದೆ. ಕಾಡಿಗೂ ಬಯಲಿಗೂ ನಡುವೆ ಉಪ್ಪು, ಅಕ್ಕಿ, ಸುದ್ದಿ ಹಾಯ್ದುಹೋಗುವುದು ಇಂತಹ ಹೊಸ್ತಿಲುಗಳಲ್ಲಿಯೇ.

ಜನವರಿ 16ರಂದು ಮೂರು ದಳಗಳು ಮೂರು ಕಡೆಗಳಿಂದ ಅರೆಕೆರೆಯ ಮೇಲೆ ಬಿದ್ದುವು. ನೆಲೆ ಬಿದ್ದಿತು. ಆದರೆ ನಾಯಕನು ಸಿಗಲಿಲ್ಲ. ಬಯಲುಸೀಮೆಯ ಯುದ್ಧದಲ್ಲಿ ಕೋಟೆ ಬಿದ್ದರೆ ಕಥೆ ಮುಗಿಯುತ್ತದೆ, ಇಲ್ಲಿ ಹಾಗಲ್ಲ. ಆ ಮೇಲಿನ ಮೂರು ವಾರ ವೆಲ್ಲೆಸ್ಲಿ ಮಾಡಿದುದು ಕಾಳಗವಲ್ಲ, ಕಾಡು ಕಡಿಯುವ ಕೆಲಸ. ದಾರಿಗಳನ್ನು ಅಗಲಗೊಳಿಸಿ, ಇಕ್ಕೆಲಗಳ ಮರಗಳನ್ನು ಉರುಳಿಸಿ, ಹಳ್ಳಿಗಳ ಸುತ್ತಲಿನ ಅಗಳು ಬೇಲಿಗಳನ್ನು ಕೆಡವಿ, ಪಟೇಲರನ್ನು ಕರೆಸಿ ಆಯುಧಗಳನ್ನೊಪ್ಪಿಸಿಕೊಳ್ಳುವುದು ನಡೆಯಿತು. ಒಬ್ಬೊಬ್ಬರಾಗಿ ಪಟೇಲರು ಶರಣು ಬಂದರು. ಅವರನ್ನು ಹೇಡಿಗಳೆಂದು ಬರೆಯುವುದು ಸುಲಭ. ಕಣದಲ್ಲಿ ಭತ್ತವಿಟ್ಟುಕೊಂಡು, ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು, ಸುತ್ತಲೂ ದಂಡು ನಿಂತಿರುವಾಗ ಮನುಷ್ಯನು ಬೇರೇನು ಮಾಡಿಯಾನು? ಫೆಬ್ರವರಿ 9ರಂದು ನಾಯಕನು ಸೆರೆಸಿಕ್ಕಿದನು. ಮರುದಿನವೇ ಆತನನ್ನೂ ಆತನ ಕೆಲವು ಸಂಗಡಿಗರನ್ನೂ ಗಲ್ಲಿಗೇರಿಸಲಾಯಿತು.

ಒಂದೇ ದಿನ! ಇಲ್ಲಿ ಲೇಖನಿ ತಡೆದು ನಿಲ್ಲುತ್ತದೆ. ಕಾಗದಪತ್ರದಲ್ಲಿ ಇಷ್ಟು ಸಾವಧಾನಿಯಾದ, ಒಂದು ಎತ್ತಿನ ಬಾಡಿಗೆಗೂ ಲೆಕ್ಕ ಕೇಳುವ, ತನ್ನ ಸೈನಿಕರು ಹಳ್ಳಿಗರಿಂದ ಬಿಟ್ಟಿ ವಸ್ತು ಕಸಿಯಬಾರದೆಂದು ಎಚ್ಚರಿಸುವ ಸೇನಾನಿಗೆ ಒಬ್ಬ ನಾಡೊಡೆಯನ ಪ್ರಾಣದ ವಿಚಾರಕ್ಕೆ ಒಂದು ದಿನವೇ ಸಾಕಾಯಿತು. ಆತನ ದೃಷ್ಟಿಯಲ್ಲಿ ಬಲಂ ನಾಯಕನು ಶತ್ರುರಾಜನಲ್ಲ, ಮೈಸೂರು ದೊರೆಯ ವಿರುದ್ಧ ಆಯುಧವೆತ್ತಿದ ಪ್ರಜೆ. ಈ ದೃಷ್ಟಿಗೆ ಆಧಾರವಾದುದು ಮೂರು ವರ್ಷವೂ ತುಂಬದ ಆ ಹಂಚಿಕೆಯ ಕಾಗದ. ಪೂರ್ಣಯ್ಯನಿಗೂ ಈ ತೀರ್ಮಾನ ಅನುಕೂಲವೇ ಆಗಿತ್ತು. ಬಾಲಕ ದೊರೆಯ ಹೆಸರಿನಲ್ಲಿ ಆಳುವವನಿಗೆ, ವರ್ಷಕ್ಕೆ ಏಳು ಲಕ್ಷ ವರಹ ಕಟ್ಟಬೇಕಾದವನಿಗೆ, ಒಬ್ಬ ಪಾಳೆಯಗಾರನು ಉಳಿದರೆ ಇನ್ನೂ ಹತ್ತು ಮಂದಿ ತಲೆಯೆತ್ತುವರೆಂಬ ಭಯ ಸಹಜ. ದಿವಾನನನ್ನು ನಾಡದ್ರೋಹಿಯೆಂದು ಜರೆಯುವುದಾಗಲಿ, ನಾಯಕನನ್ನು ಸ್ವಾತಂತ್ರ್ಯವೀರನೆಂದು ಮೆರೆಸುವುದಾಗಲಿ ನಮಗೆ ಸಮ್ಮತವಲ್ಲ. ಎರಡೂ ನಂತರದ ಕಾಲದ ಮಾತುಗಳನ್ನು ಹಿಂದಿನವರ ಬಾಯಲ್ಲಿ ತುರುಕುವ ಕೆಲಸ. ಆದರೆ ಪೂರ್ಣಯ್ಯನ ಆಡಳಿತದ ಶಾಂತಿಯನ್ನು ಹೊಗಳುವ ಚರಿತ್ರಕಾರರು ಆ ಶಾಂತಿಯ ಅಡಿಗಲ್ಲುಗಳಲ್ಲಿ ಬಲಂ ನಾಡಿನದೊಂದಿದೆಯೆಂಬುದನ್ನು ಹೇಳದೆ ಮುಂದೆ ಹೋಗುವುದನ್ನು ನಾವು ಒಪ್ಪಲಾರೆವು. ನಾಯಕನ ಕುಟುಂಬದ ಉಳಿದವರಿಗೆ ಜೀವನವೇತನವನ್ನು ಗೊತ್ತುಮಾಡಲಾಯಿತೆಂದು ರೈಸ್ ಸಾಹೇಬರು ಬರೆದಿದ್ದಾರೆ.

ಬಲಂ ಸಮರ ಮುಗಿದ ಮೇಲೆ ಸೇನಾನಿಗೂ ದಿವಾನನಿಗೂ ಸ್ನೇಹ ಬಲಿಯಿತು. 1803ರ ಮರಾಠ ಯುದ್ಧದಲ್ಲಿ ಮೈಸೂರಿನ ಸಿಲ್ಲೆದಾರ ಕುದುರೆಯವರು, ಇಂಗ್ಲಿಷ್ ಪತ್ರಗಳು ಬಿಸ್ನಾಪಾ ಪಂಡಿತನೆಂದು ಬರೆಯುವ ದಳಪತಿಯ ಕೈಕೆಳಗೆ, ಗೋದಾವರಿಯಾಚೆಗೂ ಹೋದರು. ಸೆಪ್ಟೆಂಬರ್ 23ರ ಅಸ್ಸಾಯಿ, ನವೆಂಬರ್ 29ರ ಅರಗಾಂವ್ ಕದನಗಳ ಕಾಲದಲ್ಲಿ ಅವರು ಆ ಸೇನೆಯೊಡನಿದ್ದರು. ಆ ವರ್ಷದ ಪತ್ರಗಳಲ್ಲಿ ವೆಲ್ಲೆಸ್ಲಿ ತನ್ನ ಮೇಲಧಿಕಾರಿಗಳ ಮುಂದೆ ಪೂರ್ಣಯ್ಯನನ್ನು ಧಾರಾಳವಾಗಿ ಮೆಚ್ಚಿಕೊಂಡಿದ್ದಾನೆ. ಮುಂದೆ 1807ರಲ್ಲಿ ಮೈಸೂರು ನಾಲ್ಕು ಸಾವಿರ ಕುದುರೆಯವರನ್ನು ಸದಾ ಸಜ್ಜಾಗಿಡಬೇಕೆಂಬ ಕರಾರು ಏರ್ಪಟ್ಟಿತು; ಅದೇ ವರ್ಷ ಪೂರ್ಣಯ್ಯನಿಗೆ ಯಳಂದೂರು ಜಹಗೀರಾಗಿ ದೊರೆಯಿತು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲುಕಂಬಗಳ ಸೇತುವೆಯನ್ನು ಕಟ್ಟಿಸಿದ ದಿವಾನನು ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟನು. ಹೆಸರು ಅಣ್ಣನದಾದರೂ ಸ್ನೇಹ ತಮ್ಮನದು.

1805ರ ಮಾರ್ಚ್ 2ರಂದು, ಭಾರತವನ್ನು ಬಿಟ್ಟುಹೋಗುವ ಕೆಲವೇ ದಿನಗಳ ಮುನ್ನ, ವೆಲ್ಲೆಸ್ಲಿ ಪೂರ್ಣಯ್ಯನಿಗೆ ಬರೆದ ಬೀಳ್ಕೊಡುಗೆಯ ಪತ್ರ ಈ ವ್ಯವಹಾರದಲ್ಲೆಲ್ಲ ಪ್ರಸಿದ್ಧವಾದುದು. ಪ್ರಜೆಗಳ ಏಳಿಗೆಯನ್ನು ಗಮನದಲ್ಲಿಡಬೇಕೆಂದೂ ಒಕ್ಕಲಿಗರನ್ನೂ ವರ್ತಕರನ್ನೂ ರಕ್ಷಿಸಬೇಕೆಂದೂ ಆತನು ಅದರಲ್ಲಿ ಹಿತನುಡಿದು, ತನ್ನ ಕೃತಜ್ಞತೆಯ ಕುರುಹಾಗಿ ತನ್ನ ಚಿತ್ರಪಟವನ್ನು ದಿವಾನನಿಗೆ ಕಾಣಿಕೆಯಾಗಿ ಇತ್ತನು. ಮೂವತ್ತೈದರ ಸೇನಾನಿ ಅರವತ್ತರ ಹತ್ತಿರದ ದಿವಾನನಿಗೆ ರಾಜ್ಯಭಾರದ ಬುದ್ಧಿ ಹೇಳುವುದು ನಗೆ ತರಿಸುವಂತಿದ್ದರೂ, ಪತ್ರದಲ್ಲಿ ತೋರುವ ಆದರ ಕೃತಕವೆನಿಸುವುದಿಲ್ಲ. ಪೂರ್ಣಯ್ಯನು 1811ರಲ್ಲಿ ಅಧಿಕಾರದಿಂದ ನಿವೃತ್ತನಾಗಿ ಮರುವರ್ಷ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡನು. ತನ್ನ ಮಿತ್ರನ ವಾಟರ್‌ಲೂ ವಿಜಯವನ್ನು ಕೇಳುವವರೆಗೆ ಆತನು ಬದುಕಿರಲಿಲ್ಲ.

ಅಚ್ಚಾದ ಆ ಸಂಪುಟಗಳಲ್ಲಿ ಪೂರ್ಣಯ್ಯನ ಉತ್ತರಗಳನ್ನು ಹುಡುಕಿದರೆ ದೊರೆಯುವುದು ಅತ್ಯಲ್ಪ. ಸಂಭಾಷಣೆಯಲ್ಲಿ ಒಬ್ಬನ ದನಿಯನ್ನಷ್ಟೇ ಗೋಡೆಯಾಚೆಯಿಂದ ಕೇಳಿದಂತೆ, ವೆಲ್ಲೆಸ್ಲಿಯ ಮಾತಿನಿಂದ ಪೂರ್ಣಯ್ಯನ ಮಾತನ್ನು ಊಹಿಸಬೇಕಾಗಿದೆ. ಎತ್ತುಗಳು ತಡವಾದುದಕ್ಕೆ ದಿವಾನನು ಯಾವ ಕಾರಣ ಹೇಳಿದನು, ನಾಯಕನ ಮರಣದ ಸುದ್ದಿ ಕೇಳಿ ಏನೆಂದನು ಎಂಬಲ್ಲಿ ಗೋಡೆಯಾಚೆ ಮೌನ. ಬಲಂ ನಾಯಕನ ಮಾತಂತೂ ಒಂದಕ್ಷರವೂ ಇಲ್ಲಿಲ್ಲ. ತನ್ನ ನಾಡನ್ನು ಬಿಡಲಾರೆನೆಂಬುದಕ್ಕೆ ಆತನಿಗೆ ತನ್ನದೇ ನ್ಯಾಯವಿದ್ದಿರಬೇಕು. 1694ರ ಒಡಂಬಡಿಕೆಯ ಹಕ್ಕನ್ನೋ, 1792ರ ಸಹಾಯವನ್ನೋ ಆತನು ಎತ್ತಿ ಆಡಿರಲೂಬಹುದು. ಅದನ್ನು ಬರೆದಿಟ್ಟುಕೊಳ್ಳುವ ದಂಡಿನ ಗುಮಾಸ್ತನು ಆತನ ಬಳಿ ಇರಲಿಲ್ಲ.

ಐವತ್ತು ಅರವತ್ತು ವರ್ಷಗಳಲ್ಲಿಯೇ ಯುರೋಪಿಯನ್ ತೋಟಗಾರರು ಮಂಜರಾಬಾದಿಗೆ ಬಂದು ಅದೇ ಕಾಡುಗಳ ನೆರಳಿನಲ್ಲಿ ಕಾಫಿ ನೆಟ್ಟರು. ಸೇನೆಯ ನಡೆಗೆ ತೊಡಕಾಗಿದ್ದ ಮರಗಳು ಗಿಡಗಳಿಗೆ ನೆರಳಾದುವು; ದಂಡಿಗೆಂದು ಕಡಿದ ದಾರಿಗಳಂತಹ ದಾರಿಗಳಲ್ಲಿ ಕಾಫಿಯ ಮೂಟೆಗಳು ಘಟ್ಟವಿಳಿದು ಮಂಗಳೂರಿಗೆ ಹೋದುವು. ಸಂಕ್ರಾಂತಿ ಕಳೆದ ವಾರಗಳಲ್ಲಿ ಬಿಕ್ಕೋಡಿನ ಸುತ್ತಣ ತೋಟಗಳಲ್ಲಿ ಈಗ ಕೆಂಪು ಹಣ್ಣಿನ ಕೊಯ್ಲು. ಕಣಗಳಲ್ಲಿ ಭತ್ತದ ಬದಲು ಕಾಫಿ ಒಣಗುತ್ತಿರುತ್ತದೆ.